ಹಿಮ ಬಿದ್ದ ರಾತ್ರಿ ಹುಟ್ಟಿದ ಕೂಸು

ಮಗಳ ಬಾಣಂತನಕ್ಕೆಂದು ಜನವರಿಯಲ್ಲಿ ಅಮೆರಿಕಕ್ಕೆ ಹೊರಟಿರುವ ಓದುಗರೊಬ್ಬರು ಕೇಳಿದ್ದಾರೆ: 'ಹಿಮ ಬೀಳುವ ಊರಿನಲ್ಲಿ ಹಸುಗೂಸಿಗೆ ಹುಟ್ಟಿದ ಕೂಡಲೆ ಎಣ್ಣೆ-ನೀರು ಹಾಕಬಹುದೆ?' ಉತ್ತರಕ್ಕೆ ಮುಂಚೆ ನಮ್ಮ ಮನೆಯದೇ ಒಂದು ಪ್ರಸಂಗ ಕೇಳಿ.

1996ರ ಜನವರಿ 7, ಭಾನುವಾರ. ನಾವಾಗ ನ್ಯೂಜೆರ್ಸಿಯಲ್ಲಿದ್ದೆವು. ಅಂದು ಅಮೆರಿಕದ ಪೂರ್ವ ಕರಾವಳಿಯಲ್ಲಿ ಸುರಿದ ಹಿಮವನ್ನು ಅಲ್ಲಿನವರು ಇಂದಿಗೂ ಮರೆತಿಲ್ಲ. ಪಕ್ಕದ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲೇ 20 ಅಂಗುಲ ಬಿತ್ತು. ನನ್ನ ಹೆಂಡತಿಗೆ ದಿನ ತುಂಬಲು ಇನ್ನೂ ಹತ್ತು ದಿನವಿತ್ತು. ರಾತ್ರಿ ಹನ್ನೊಂದಕ್ಕೆ ನೋವು ಕಾಣಿಸಿಕೊಂಡಿತು. ಆಂಬುಲೆನ್ಸಿಗೆ ಫೋನ್ ಮಾಡಿದರೆ, ಮೊದಲು ರಸ್ತೆಯ ಹಿಮ ತೆಗೆಯಬೇಕು, ತಡವಾಗುತ್ತದೆ ಎಂದರು.

ಹೆಂಡತಿಯನ್ನು ಕಾರಿನಲ್ಲಿ ಬೆಚ್ಚಗೆ ಕೂರಿಸಿ, ಎಂಜಿನ್ ಹಾಕಿ, ಸುತ್ತಲಿನ ಹಿಮ ಬಗೆಯೋಣವೆಂದು ಸಲಿಕೆ ಹಿಡಿದೆ. ಕೂರಿಸಲಿಲ್ಲ, ಪುಣ್ಯ. ಕಾರಿನ ಹೊಗೆನಳಿಗೆ ಹಿಮದಲ್ಲಿ ಹೂತಿದ್ದರೆ ಕಾರ್ಬನ್ ಮಾನಾಕ್ಸೈಡ್ ಕಾರಿನೊಳಕ್ಕೇ ನುಗ್ಗುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ನಿದ್ರೆ ಬಂದಂತಾಗಿ ಸಾವು ಬರುತ್ತದೆ. ನಮ್ಮೂರುಗಳಲ್ಲಿ ಬಾಣಂತಿ ಕೋಣೆಯ ಕಿಟಕಿ ಬಾಗಿಲು ಮುಚ್ಚಿ ಅಗ್ಗಿಷ್ಟಿಕೆ ಇಡುತ್ತಾರಲ್ಲ, ಅಲ್ಲಿಯೂ ಇದೇ ಅಪಾಯ.

ಮಗಳು ಹುಟ್ಟಿದ್ದು ಎರಡೂವರೆಗೆ, ನಮ್ಮ ಮಲಗುವ ಕೋಣೆಯಲ್ಲಿ. ನಾನು ವೈದ್ಯನೇನೋ ಹೌದು, ಆದರೆ ಹೆರಿಗೆ ಮಾಡಿಸಿ ಹದಿನೈದು ವರ್ಷವಾಗಿತ್ತು. ಕೈ ನಡುಗುತ್ತಿತ್ತು. ಮಗು ಅತ್ತಿತು. ಕೂಡಲೆ ಒಣ ಟವೆಲಿನಿಂದ ಒರೆಸಿ, ತಾಯಿಯ ಬರಿಯ ಎದೆಯ ಮೇಲೆ ಮಲಗಿಸಿ, ತಲೆಗೆ ಟೋಪಿ ಹಾಕಿ, ಇಬ್ಬರಿಗೂ ಕಂಬಳಿ ಹೊದಿಸಿದೆ. ಹೊಕ್ಕುಳಬಳ್ಳಿ ಕತ್ತರಿಸಲಿಲ್ಲ, ಶುದ್ಧವಾದ ಕತ್ತರಿ ಇಲ್ಲದಿದ್ದಾಗ ಅದನ್ನು ಮುಟ್ಟದಿರುವುದೇ ಲೇಸು. ಮಾಸು ಬಿದ್ದ ಮೇಲೆ ಹೆಂಡತಿಯ ಕಿಬ್ಬೊಟ್ಟೆಯನ್ನು ನೀವಿದೆ. ಗರ್ಭಕೋಶ ಗಟ್ಟಿಯಾದರೆ ರಕ್ತಸ್ರಾವ ತಗ್ಗುತ್ತದೆ.

ಅಷ್ಟರಲ್ಲಿ ಹಾಸನದಿಂದ ಬಂದಿದ್ದ ನಮ್ಮ ಅತ್ತೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯಲು ಇಟ್ಟೇಬಿಟ್ಟಿದ್ದರು. 'ಕೂಸನ್ನು ತೊಳೆಯದೆ ಹಾಗೇ ಇಡೋದೇನು ಅಳಿಯಂದ್ರೆ?' ಎಂದು ಮುಖ ಗಂಟಿಕ್ಕಿದರು.

ಬೇಡವೆಂದದ್ದೇಕೆ? ಕೂಸು ಗರ್ಭದೊಳಗೆ ಸುಮಾರು 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿದ್ದು ಒದ್ದೆಮೈಯಲ್ಲಿ ಹೊರಬರುತ್ತದೆ. ಮೈಮೇಲಿನ ನೀರು ಆರುವಾಗ ಮೈಶಾಖವನ್ನೂ ಒಯ್ಯುತ್ತದೆ. ಒರೆಸದೆ ಬಿಟ್ಟರೆ ಹತ್ತಿಪ್ಪತ್ತು ನಿಮಿಷದಲ್ಲೇ 2ರಿಂದ 4 ಡಿಗ್ರಿ ಇಳಿಯಬಹುದು. ನಮಗೆ ಚಳಿಯಾದರೆ ನಡುಗಿ ಮೈ ಬಿಸಿ ಮಾಡಿಕೊಳ್ಳುತ್ತೇವೆ. ಎಳೆಗೂಸಿಗೆ ಅದು ಆಗದು. ಬೆನ್ನು, ಕತ್ತುಗಳಲ್ಲಿರುವ ಕಂದು ಬಣ್ಣದ ಕೊಬ್ಬನ್ನು ಉರಿಸಿ ಶಾಖ ಪಡೆಯುತ್ತದೆ. ಅದಕ್ಕೆ ರಕ್ತದ ಸಕ್ಕರೆ, ಆಮ್ಲಜನಕ ಎರಡೂ ವೆಚ್ಚ. ತೂಕ ಕಡಿಮೆಯ ಕೂಸಿನಲ್ಲಿ ಈ ಕೊಬ್ಬೇ ಕಡಿಮೆ. ಅಂಗಾಲಿನೊಂದಿಗೆ ಎದೆಯೂ ತಣ್ಣಗಾಗಿ, ಕೂಸು ಮಂಕಾಗಿ ಮೊಲೆ ಚೀಪದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಇದಕ್ಕೆ ಹಿಮವೇ ಬೀಳಬೇಕೆಂದಿಲ್ಲ. ಫ್ಯಾನ್ ತಿರುಗುವ ರಾಯಚೂರಿನ ಕೋಣೆಯಲ್ಲೂ ಒದ್ದೆ ಕೂಸು ತಣ್ಣಗಾಗುತ್ತದೆ.

ತಾಯಿಯ ಎದೆಗಿಂತ ಒಳ್ಳೆಯ ಶಾಖಪೆಟ್ಟಿಗೆ ಮನೆಯಲ್ಲಿ ಸಿಗದು. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾ ನಗರದಲ್ಲಿ ಡಾ. ಎಡ್ಗರ್ ರೇ ಇದನ್ನೇ ಚಿಕಿತ್ಸೆಯಾಗಿ ಬಳಕೆಗೆ ತಂದರು. 'ಕಾಂಗರೂ ಆರೈಕೆ' ಎನ್ನುವುದು ಇದನ್ನೇ.

ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ: ಕನಿಷ್ಠ 24 ಗಂಟೆ ನೀರು ಹಾಕಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೇ. ಮೈಮೇಲಿನ ಬೆಣ್ಣೆಯಂಥ ಬಿಳಿ ಲೇಪವನ್ನು ಕೊಳೆಯೆಂದು ಉಜ್ಜಬೇಡಿ. ಅದು ಚರ್ಮಕ್ಕೆ ರಕ್ಷೆ. ಆಮೇಲೆ ಮೈ ಬೆಚ್ಚಗಿದ್ದು ಚೆನ್ನಾಗಿ ಹಾಲು ಕುಡಿಯುತ್ತಿದ್ದರೆ, ಬೆಚ್ಚನೆಯ ಕೋಣೆಯಲ್ಲಿ ಬೇಗ ಮೀಯಿಸಿ ತಕ್ಷಣ ಒರೆಸಿ.

ಆಂಬುಲೆನ್ಸ್ ಬಂದದ್ದು ಬೆಳಗಿನ ಐದಕ್ಕೆ. ಮಗುವಿನ ಮೈಶಾಖ 36.7 ಡಿಗ್ರಿ ಇತ್ತು. ಅತ್ತೆ ಕಾಯಿಸಿದ ನೀರಿನಲ್ಲಿ ಅಂದು ನಾವೆಲ್ಲ ಕಾಫಿ ಕುಡಿದೆವು.