ಎಲೆ ಬೇರೆ, ಹೂ ಬೇರೆ! ಗಾಂಜಾ ಬಗ್ಗೆ ನಿಮಗಿದು ಗೊತ್ತೇ?

ಗಾಂಜಾ ಗಿಡದ ಹೂ ಬಿಟ್ಟ ತುದಿ ನಿಮ್ಮ ಹತ್ತಿರ ಸಿಕ್ಕರೆ ಕೇಸು. ಬರೀ ಎಲೆ ಸಿಕ್ಕರೆ? 1985ರ ಮಾದಕ ವಸ್ತು ಕಾಯ್ದೆಯ ಲೆಕ್ಕದಲ್ಲಿ ಅದು ಗಾಂಜಾ ಅಲ್ಲವೇ ಅಲ್ಲ! ಆ ಎಲೆ ಅರೆದರೆ ಭಾಂಗ್. ಜೈಸಲ್ಮೇರ್‌ನಲ್ಲಿ ಸರ್ಕಾರದ ಪರವಾನಗಿ ಇದೆಯೆಂದು ಬೋರ್ಡು ಹಾಕಿಕೊಂಡೇ ಭಾಂಗ್ ಮಾರುತ್ತಾರೆ. (ಅಬಕಾರಿ ನಿಯಮ ರಾಜ್ಯಕ್ಕೊಂದು. ಇಲ್ಲಿ ಹುಡುಕಲು ಹೊರಡಬೇಡಿ!)

ನಮ್ಮ ಹೈಕೋರ್ಟಿಗೂ 2022ರಲ್ಲಿ ಈ ಪ್ರಶ್ನೆ ಬಂತು. 29 ಕೆ.ಜಿ. ಭಾಂಗ್ ಜೊತೆ ಬೆಂಗಳೂರಿನಲ್ಲಿ ಸಿಕ್ಕಿಬಿದ್ದವನಿಗೆ ಜಾಮೀನು ಸಿಕ್ಕಿತು. ಭಾಂಗನ್ನು ಗಾಂಜಾದಿಂದಲೋ ಚರಸ್‌ನಿಂದಲೋ ಮಾಡುತ್ತಾರೆ ಎನ್ನಲು ಕೋರ್ಟಿನ ಮುಂದೆ ಪುರಾವೆಯೇ ಇರಲಿಲ್ಲ!

ಬ್ರಿಟಿಷರಿಗೂ ಇದೇ ತಲೆನೋವು. 1893-94ರಲ್ಲಿ ಆಯೋಗ ಕೂರಿಸಿ 1,193 ಸಾಕ್ಷಿಗಳನ್ನು ಕೇಳಿದರು. ಏಳು ಸಂಪುಟದ ವರದಿ ಬಂತು. ಕೊನೆಗೆ ಹೇಳಿದ್ದೇನು? ಪೂರ್ತಿ ನಿಷೇಧ ಬೇಡ, ತೆರಿಗೆ ಹಾಕಿ!

ಇಸ್ರೇಲಿನ ವಿಜ್ಞಾನಿ ರಾಫೆಲ್ ಮೆಶೂಲಮ್ ಸಂಶೋಧನೆಗೆ ಬೇಕೆಂದು ಪೊಲೀಸರಿಂದಲೇ ಐದು ಕೆ.ಜಿ. ಹಶೀಶ್ ಪಡೆದರು. ಒಯ್ದದ್ದು ಹೇಗೆ ಗೊತ್ತೇ? ಬಸ್ಸಿನಲ್ಲಿ! ಇದೇನಪ್ಪ ವಾಸನೆ ಅಂತ ಪಕ್ಕದವರ ಗೊಣಗಾಟ. 1964ರಲ್ಲಿ ಅಮಲಿನ ಮೂಲವಾದ ಟಿಎಚ್‌ಸಿಯನ್ನು ಬೇರ್ಪಡಿಸಿದ್ದು ಇವರ ತಂಡವೇ.

ಮನರಂಜನೆಯ ಗಾಂಜಾಕ್ಕೂ ದೇಶವಿಡೀ ಮೊದಲು ಒಪ್ಪಿಗೆ ಕೊಟ್ಟದ್ದು ಪುಟ್ಟ ಉರುಗ್ವೆ, 2013ರಲ್ಲಿ. ಮಾರುವುದೆಲ್ಲಿ? ಔಷಧಿ ಅಂಗಡಿಯಲ್ಲಿ!

ಜರ್ಮನಿಯಲ್ಲಿ 2024ರ ಏಪ್ರಿಲ್‌ನಿಂದ ವಯಸ್ಕರು ಜೇಬಿನಲ್ಲಿ 25 ಗ್ರಾಂ ಇಟ್ಟುಕೊಂಡು ಓಡಾಡಬಹುದು. ಸಿಂಗಪುರದಲ್ಲಿ? 500 ಗ್ರಾಂ ಮೀರಿ ಸಾಗಿಸಿದರೆ ಗಲ್ಲು. ಉತ್ಪ್ರೇಕ್ಷೆಯಲ್ಲ, 2023ರಲ್ಲೂ ಗಲ್ಲಿಗೇರಿಸಿದ್ದಾರೆ.

ಥಾಯ್ಲೆಂಡ್‌ನದು ಇನ್ನೂ ಮಜಾ. 2022ರಲ್ಲಿ ನಿರ್ಬಂಧ ಸಡಿಲಿಸಿ, ಹತ್ತು ಲಕ್ಷ ಸಸಿ ಪುಕ್ಕಟೆ ಹಂಚುತ್ತೇವೆ ಎಂದಿತು ಸರ್ಕಾರ. ಬೀದಿಬೀದಿಗೆ ಅಂಗಡಿ! 2025ರಲ್ಲಿ ಉಲ್ಟಾ: ಡಾಕ್ಟರ ಚೀಟಿ ಇಲ್ಲದೆ ಹೂ ಕೊಡುವಂತಿಲ್ಲ!

ಅಮೆರಿಕದಲ್ಲಿ ದಿನವೂ, ಹೆಚ್ಚುಕಮ್ಮಿ ದಿನವೂ ಮದ್ಯ ಕುಡಿಯುವವರನ್ನು ಗಾಂಜಾದವರು ಹಿಂದಿಕ್ಕಿದ್ದಾರೆ. 2022ರ ಸಮೀಕ್ಷೆಯಲ್ಲಿ ಕುಡಿಯುವವರು 1.47 ಕೋಟಿ, ಗಾಂಜಾದವರು 1.77 ಕೋಟಿ!

ನೆದರ್ಲೆಂಡ್ಸ್‌ನ 'ಕಾಫಿಶಾಪ್'ಗಳಲ್ಲಿ ಐದು ಗ್ರಾಂವರೆಗೆ ಮಾರಿದರೆ ಪೊಲೀಸರು ಕಂಡೂ ಕಾಣದಂತಿರುತ್ತಾರೆ. ಆದರೆ ಅಂಗಡಿಗೆ ಮಾಲು ತರಿಸುವುದು ಅಪರಾಧ! ಮುಂಬಾಗಿಲಿಗೊಂದು ನ್ಯಾಯ, ಹಿಂಬಾಗಿಲಿಗೊಂದು. ದಶಕಗಳ ಈ ನಾಟಕ ಸಾಕೆಂದು 2023ರ ಕೊನೆಯಲ್ಲಿ ಪ್ರಯೋಗ ಶುರುವಾಯಿತು. ಆಯ್ದ ಹತ್ತು ಊರುಗಳಿಗೆ ಈಗ ಸರ್ಕಾರ ಒಪ್ಪಿದ ಬೆಳೆಗಾರರೇ ಮಾಲು ಕಳಿಸುತ್ತಾರೆ, ಅದೂ ರಾಜಾರೋಷವಾಗಿ!