ಗಾಳಿಯೇ ಕಲಕುಗೋಲಾದ ಕಥೆ

ಇಂಗ್ಲೆಂಡಿನ ಈಶಾನ್ಯದಲ್ಲಿರುವ ಬಿಲ್ಲಿಂಗ್‌ಹ್ಯಾಮ್ ಹಳೆಯ ರಸಾಯನ ಕಾರ್ಖಾನೆಗಳ ಊರು. ಅಲ್ಲಿ ಸುಮಾರು 50 ಮೀಟರ್ ಎತ್ತರದ ಉಕ್ಕಿನ ಫರ್ಮೆಂಟರುಗಳಿವೆ. ಒಂದೊಂದೂ ಸುಮಾರು ಒಂದೂವರೆ ಲಕ್ಷ ಲೀಟರ್ ಹಿಡಿಯುತ್ತದೆ. ಒಳಗೆ ಬೆಳೆಯುವುದು ಶಿಲೀಂಧ್ರ. ಹೊರಬರುವುದು ಮಾಂಸದ ಬದಲಿಗೆ ತಿನ್ನುವ ‘ಕ್ವಾರ್ನ್’. ಇಷ್ಟು ದೊಡ್ಡ ಪಾತ್ರೆಯೊಳಗೆ ಕಲಕುವ ರೆಕ್ಕೆಯೇ ಇಲ್ಲ.

1960ರ ದಶಕದಲ್ಲಿ ಜಗತ್ತಿಗೆ ಪ್ರೋಟೀನ್ ಸಾಲದೆಂಬ ಭಯ ದಟ್ಟವಾಗಿತ್ತು. ಬ್ರಿಟನ್ನಿನ ಹಿಟ್ಟು–ಬ್ರೆಡ್ ಕಂಪನಿ ರ್‍ಯಾಂಕ್ ಹೋವಿಸ್ ಮ್ಯಾಕ್‌ಡೂಗಲ್, ಪಿಷ್ಟವನ್ನು ಪ್ರೋಟೀನ್ ಮಾಡಬಲ್ಲ ಸೂಕ್ಷ್ಮಜೀವಿಗಾಗಿ ಮೂರು ಸಾವಿರಕ್ಕೂ ಹೆಚ್ಚು ಮಣ್ಣಿನ ಜೀವಿಗಳನ್ನು ಜರಡಿ ಹಿಡಿಯಿತು. ಕೊನೆಗೆ ಆಯ್ಕೆಯಾದದ್ದು ಮಾರ್ಲೋ ಪಟ್ಟಣದ ಮಣ್ಣಿನಲ್ಲಿ ಸಿಕ್ಕ ಫ್ಯುಸೇರಿಯಂ ವೆನೆನೇಟಮ್.

ಈ ಶಿಲೀಂಧ್ರದ ಮೈ ಎಂದರೆ ನೂಲು. ನೂಲುಗಳು ಹೆಣೆದುಕೊಂಡಂತೆ ದ್ರವ ಗಟ್ಟಿಯಾಗುತ್ತದೆ, ಅದೂ ನೀರಿನ ಹಾಗಲ್ಲದ ರೀತಿಯಲ್ಲಿ: ರಭಸವಾಗಿ ಕಲಕಿದಲ್ಲಿ ತೆಳುವಾಗಿ ಹರಿಯುತ್ತದೆ, ಬಿಟ್ಟಲ್ಲಿ ಮಂದವಾಗಿ ನಿಲ್ಲುತ್ತದೆ. ಇಂಥವನ್ನು ನಾನ್-ನ್ಯೂಟೋನಿಯನ್ ದ್ರವ ಎನ್ನುತ್ತಾರೆ. ಇಡ್ಲಿ ಹಿಟ್ಟಿನ ದೊಡ್ಡ ಪಾತ್ರೆಯ ನಡುವೆ ಸೌಟು ಆಡಿಸಿದರೆ ಸೌಟಿನ ಸುತ್ತ ಮಾತ್ರ ತಿರುಗಿ ಅಂಚಿನದು ಅಲ್ಲಾಡದೆ ಉಳಿಯುವಂತೆ, ರೆಕ್ಕೆಯಿರುವ ಫರ್ಮೆಂಟರಿನಲ್ಲೂ ರೆಕ್ಕೆಯಿಂದ ದೂರದ ಭಾಗ ಸುಮ್ಮನಿರುತ್ತದೆ. ಅಲ್ಲಿಯ ಶಿಲೀಂಧ್ರಕ್ಕೆ ಆಮ್ಲಜನಕ ತಪ್ಪುತ್ತದೆ. ರೆಕ್ಕೆಯ ವೇಗ ಹೆಚ್ಚಿಸಿದರೆ ನೂಲು ತುಂಡಾಗುತ್ತದೆ, ಜತೆಗೆ ಶಾಖ ಏರುತ್ತದೆ. ಮಾಂಸದಂಥ ಎಳೆ ಬರುವುದೇ ಆ ನೂಲಿನಿಂದ, ಅದನ್ನು ಕಡಿಯುವಂತಿಲ್ಲ.

ಉತ್ತರ ಸಿಕ್ಕಿದ್ದು ಇನ್ನೊಂದು ಕಂಪನಿಯ ಸೋಲಿನಲ್ಲಿ. ರಸಾಯನ ಕಂಪನಿ ಐಸಿಐ ಬಿಲ್ಲಿಂಗ್‌ಹ್ಯಾಮಿನಲ್ಲಿ ಮೆಥನಾಲ್ ಉಣಿಸಿ ಬ್ಯಾಕ್ಟೀರಿಯಾ ಬೆಳೆಸಿ, ‘ಪ್ರೂಟೀನ್’ ಎಂಬ ಪಶು ಆಹಾರ ತಯಾರಿಸಲು 15 ಲಕ್ಷ ಲೀಟರಿನ ಫರ್ಮೆಂಟರ್ ಕಟ್ಟಿತ್ತು. ಅಗ್ಗದ ಸೋಯಾ ಎದುರು ಅದು ನಿಲ್ಲಲಿಲ್ಲ. ಉಳಿದದ್ದು ಗುಳ್ಳೆಗಳಿಂದ ಕಲಕುವ ವಿದ್ಯೆ, ಮತ್ತು ಬಿಡುವಾಗಿದ್ದ ಒಂದು ಪ್ರಾಯೋಗಿಕ ಫರ್ಮೆಂಟರ್. ಎರಡೂ ಕಂಪನಿಗಳು ಕೂಡಿ ಮಾರ್ಲೋ ಫುಡ್ಸ್ ಎಂಬ ಕಂಪನಿಯನ್ನು ಹುಟ್ಟುಹಾಕಿದವು. 1985ರಲ್ಲಿ ಕ್ವಾರ್ನ್ ತುಂಬಿದ ಪೈ ಅಂಗಡಿಗೆ ಬಂತು. ಎತ್ತರದ ಫರ್ಮೆಂಟರುಗಳು ಎದ್ದದ್ದು 1990ರ ದಶಕದಲ್ಲಿ.

ಈ ಫರ್ಮೆಂಟರಿನ ಕೆಲಸ ನನಗೆ ಬಹಳ ಸೊಗಸಾಗಿ ಕಾಣುತ್ತದೆ. ಉದ್ದನೆಯ ಎರಡು ಕೊಳವೆಗಳು ಮೇಲೂ ಕೆಳಗೂ ಕೂಡಿಕೊಂಡಿರುತ್ತವೆ. ಒಂದರ ಬುಡದಲ್ಲಿ ಗಾಳಿ ಊದುತ್ತಾರೆ. ಗುಳ್ಳೆ ತುಂಬಿದ ದ್ರವ ಹಗುರವಾಗಿ ಮೇಲೇರುತ್ತದೆ. ತುದಿಯಲ್ಲಿ ಇಂಗಾಲದ ಡೈಆಕ್ಸೈಡ್ ಕಳಚಿಕೊಳ್ಳುತ್ತದೆ. ಭಾರವಾದ ದ್ರವ ಇನ್ನೊಂದು ಕೊಳವೆಯಲ್ಲಿ ಕೆಳಗಿಳಿಯುತ್ತದೆ. ಹೀಗೆ ಇಡೀ ದ್ರವ ನಿಲ್ಲದೆ ಸುತ್ತುತ್ತದೆ. ಅಷ್ಟೆತ್ತರದ ದ್ರವದ ಒತ್ತಡಕ್ಕೆ ಬುಡದಲ್ಲಿ ಆಮ್ಲಜನಕ ಹೆಚ್ಚು ಕರಗುವುದು ಇನ್ನೊಂದು ಲಾಭ. ಉಸಿರು ಕೊಡುವುದೂ ಕಲಕುವುದೂ ಒಂದೇ ಗಾಳಿ.

ಗುಳ್ಳೆಗೂ ಮಿತಿಯಿದೆ. ದ್ರವ ತೀರಾ ದಪ್ಪವಾದರೆ ಸಣ್ಣ ಗುಳ್ಳೆಗಳು ಕೂಡಿ ದೊಡ್ಡವಾಗಿ, ಆಮ್ಲಜನಕ ಕೊಡದೆ ಸರಕ್ಕನೆ ಮೇಲೆ ಹೋಗಿಬಿಡುತ್ತವೆ. ಹಾಗಾಗಿ ಶಿಲೀಂಧ್ರದ ಒಣತೂಕವನ್ನು ಲೀಟರಿಗೆ ಸುಮಾರು 15 ಗ್ರಾಮಿನ ಆಸುಪಾಸಿನಲ್ಲೇ ಇಡುತ್ತಾರೆ. ಗಾಳಿಯಿಂದ ತಡೆಯಲಾಗದ ಸಮಸ್ಯೆಯೂ ಒಂದಿದೆ: ಸುಮಾರು 1000 ಗಂಟೆಗಳಾಗುವ ಹೊತ್ತಿಗೆ ಗಿಡ್ಡ ನೂಲಿನ, ಕವಲು ಹೆಚ್ಚಿದ ರೂಪಾಂತರಿಗಳು ತಲೆಯೆತ್ತಿ ಎಳೆಯ ಗುಣ ಕೆಡಿಸುತ್ತವೆ. ಆಗ ಎಲ್ಲವನ್ನೂ ನಿಲ್ಲಿಸಿ, ಫರ್ಮೆಂಟರನ್ನು ಬರಿದು ಮಾಡಿ ತೊಳೆದು, ಹೊಸ ಬೀಜದಿಂದ ಮತ್ತೆ ಆರಂಭಿಸುತ್ತಾರೆ.