ಸಮಭಾಜಕದ ಮೋಡ, ಚಳ್ಳಕೆರೆಯ ಶೇಂಗಾ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳು ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗೆ ಸೇರಿವೆ. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಪಶ್ಚಿಮಘಟ್ಟವನ್ನೇರುವಾಗ ತಣಿದು, ಹೊತ್ತ ನೀರನ್ನು ಅಲ್ಲಿಯೇ ಸುರಿಸಿ, ಪೂರ್ವಕ್ಕಿಳಿಯುವಾಗ ಬಿಸಿಯಾಗಿ ಒಣಗುತ್ತದೆ. ಹೀಗೆ ಬೆಟ್ಟದ ಮರೆಗೆ ಬಿದ್ದ ನೆಲವನ್ನು ಮಳೆನೆರಳಿನ ಪ್ರದೇಶವೆನ್ನುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ ಚಳ್ಳಕೆರೆಯ ಪಾಲು 500ರ ಆಸುಪಾಸು. ಆದರೆ ಘಟ್ಟ ಕದಲುವುದಿಲ್ಲ, ಮಳೆ ಮಾತ್ರ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ಈ ಏರಿಳಿತದ ಕಾರಣವನ್ನು ಸುಮಾರು 1,600 ಕಿಲೋಮೀಟರ್ ದಕ್ಷಿಣದಲ್ಲಿರುವ ಸಮಭಾಜಕದ ಸಾಗರದ ಮೇಲೂ ಹುಡುಕಬೇಕಾಗುತ್ತದೆ.

ಸಮಭಾಜಕದ ಸುತ್ತ ಉತ್ತರ ಮತ್ತು ದಕ್ಷಿಣದ ಗಾಳಿಗಳು ಒಂದೆಡೆ ಸೇರಿ ಮೇಲೇರುವುದರಿಂದ ದಟ್ಟ ಮೋಡಗಳ ಉದ್ದನೆಯ ಪಟ್ಟಿಯೊಂದು ರೂಪುಗೊಳ್ಳುತ್ತದೆ. ಹವಾಮಾನ ವಿಜ್ಞಾನಿಗಳಾದ ಡಿ. ಆರ್. ಸಿಕ್ಕ ಮತ್ತು ಸುಲೋಚನಾ ಗಾಡ್ಗೀಳ್ ಅವರು 1980ರಲ್ಲಿ ಉಪಗ್ರಹದ ಚಿತ್ರಗಳನ್ನು ಆಧರಿಸಿ, ಮುಂಗಾರಿನಲ್ಲಿ ಭಾರತದ ನೆಲದ ಮೇಲೆ ನಿಲ್ಲುವ ಮೋಡಪಟ್ಟಿ ಇದೇ ಬಗೆಯದೆಂದೂ, ಸಾಗರದ ಮೇಲೆ ಹುಟ್ಟಿದ ಪಟ್ಟಿಗಳು ಕೆಲವು ವಾರಗಳಿಗೊಮ್ಮೆ ಉತ್ತರಕ್ಕೆ ಸರಿದು ಬಂದು ಅದಕ್ಕೆ ಮರುಜೀವ ಕೊಡುತ್ತವೆಂದೂ ತೋರಿಸಿದರು. ಮಳೆಗಾಲದ ನಡುವೆ ಬೀಳುವ ದೀರ್ಘ ಬಿಡುವನ್ನು ಅರಿಯಲು ಇದು ದಾರಿ ತೆರೆಯಿತು.

ಇದೇ ಗಾಡ್ಗೀಳ್ ಅವರು ಸಹೋದ್ಯೋಗಿಗಳೊಂದಿಗೆ 2004ರಲ್ಲಿ ಇನ್ನೊಂದು ಸಂಗತಿಯನ್ನು ಮುಂದಿಟ್ಟರು. ಪೆಸಿಫಿಕ್ ಸಾಗರದ ನೀರು ಅಸಹಜವಾಗಿ ಬಿಸಿಯಾಗುವ ಎಲ್ ನಿನೊ ಬಂದರೆ ಮುಂಗಾರು ಸೊರಗುತ್ತದೆಂಬ ನಂಬಿಕೆಯಿದ್ದರೂ, ಪ್ರಬಲ ಎಲ್ ನಿನೊ ಇದ್ದ 1997ರಲ್ಲಿ ದೇಶದ ಮಳೆ ವಾಡಿಕೆಯಷ್ಟೇ ಆಯಿತು. ಎಲ್ ನಿನೊ ಅಷ್ಟೇನೂ ಬಲವಾಗಿಲ್ಲದ 2002ರಲ್ಲಿ ಭೀಕರ ಬರ ಬಂತು. ಹಿಂದೂ ಮಹಾಸಾಗರದ ಸಮಭಾಜಕ ಭಾಗದಲ್ಲಿ ಆಫ್ರಿಕಾ ಕಡೆ ಮೋಡ ಹೆಚ್ಚಿ ಸುಮಾತ್ರಾ ಕಡೆ ಕುಗ್ಗಿದರೆ ಮುಂಗಾರಿಗೆ ಅನುಕೂಲ, ತಿರುವುಮುರುವಾದರೆ ಪ್ರತಿಕೂಲ ಎಂಬ ವಿವರಣೆ ಈ ಒಗಟನ್ನು ಬಹುಮಟ್ಟಿಗೆ ಬಿಡಿಸಿತು.

ಆದರೂ ದೇಶದ ಸರಾಸರಿಯಿಂದ ಚಳ್ಳಕೆರೆಯ ರೈತನಿಗೆ ಆಗುವ ಉಪಯೋಗ ಅಲ್ಪ. ಇಲ್ಲಿ ಜೂನ್, ಜುಲೈಗಳಲ್ಲಿ ಬೀಸುಗಾಳಿಯೇ ಹೆಚ್ಚು. ನಿಜವಾದ ಆಸರೆ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಮೋಡಪಟ್ಟಿ ದಕ್ಷಿಣಕ್ಕೆ ಹಿಂಜರಿಯುವಾಗ ಸುರಿಯುವ ಉತ್ತರೆ, ಹಸ್ತ, ಚಿತ್ತೆಯ ಮಳೆಗಳದು. ಮಳೆಯನ್ನೇ ನಂಬಿದ ಶೇಂಗಾಕ್ಕೆ ಒಟ್ಟು ಮಳೆಗಿಂತ ಅದು ಬಿದ್ದ ವೇಳೆ ದೊಡ್ಡದು, ಏಕೆಂದರೆ ಕಾಯಿ ಬಲಿಯುವ ಹೊತ್ತಿಗೆ ತೇವ ತಪ್ಪಿದರೆ ಬಳ್ಳಿ ಹಸಿರಾಗಿದ್ದರೂ ಇಳುವರಿ ಸಿಗದು. ನೆರೆಯ ಪಾವಗಡ, ಅನಂತಪುರ ಸೀಮೆಯ ಶೇಂಗಾವನ್ನು ಕುರಿತು ಗಾಡ್ಗೀಳ್, ಪಿ. ಆರ್. ಶೇಷಗಿರಿ ರಾವ್ ಮತ್ತು ಕೆ. ನರಹರಿ ರಾವ್ ಅವರು 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜುಲೈ ಮಧ್ಯದ ನಂತರ ಬಿತ್ತಿದರೆ ಬೆಳೆ ಕೈಕೊಡುವ ಅಪಾಯ ಕಡಿಮೆ. ರೈತರೊಡನೆ ಕುಳಿತು, ಅವರ ಪ್ರಶ್ನೆಯಿಂದಲೇ ಹೊರಟದ್ದು ಈ ಕೆಲಸದ ಹಿರಿಮೆ.

ಈಗ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದ್ದು, ಅಲ್ಲಿನ ಹವಾಗುಣ ವೀಕ್ಷಣಾಲಯದಲ್ಲಿ ಬಿಸಿಲಿನ ಪ್ರಮಾಣವನ್ನೂ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳನ್ನೂ ಅಳೆಯಲಾಗುತ್ತಿದೆ. 1988ರಲ್ಲಿ ಬರ ನಿಗಾ ಘಟಕವಾಗಿ ಆರಂಭಗೊಂಡ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟಕ್ಕೆ ಬಂದಿವೆ. ಅಳತೆಗೆ ಕೊರತೆಯಿಲ್ಲ, ಆ ಅಳತೆಯಿಂದ ಹೋಬಳಿವಾರು ಬಿತ್ತನೆಯ ಸಲಹೆಯನ್ನು ಸಿದ್ಧಪಡಿಸಿ, ರೈತರು ಬೀಜ ಕೊಳ್ಳುವ ಮೊದಲೇ ತಲುಪಿಸುವ ಹೊಣೆಯನ್ನು ಕೃಷಿ ಇಲಾಖೆ ಮತ್ತು ವಿಜ್ಞಾನಿಗಳು ಕೂಡಿ ಹೊರಬೇಕು.